ಗೆದ್ದ ಪಂದ್ಯ ಎಣಿಸಿ ಕೋಚ್ ಆರಿಸಬೇಡಿ

ಅಮೆರಿಕದ ಕಾಲೇಜು ಮಹಿಳಾ ಸಾಕರ್ (ಫುಟ್‌ಬಾಲ್) ಋತು ಆಗಸ್ಟ್‌ನಲ್ಲಿ ಆರಂಭವಾಗುತ್ತದೆ. ಬಹುತೇಕ ತಂಡಗಳಿಗೆ ನವೆಂಬರ್‌ನಲ್ಲೇ ಆಟ ಮುಗಿದುಹೋಗುತ್ತದೆ. ಆಮೇಲೆ ಸುದ್ದಿಯಲ್ಲಿರುವುದು ಆಟಗಾರ್ತಿಯರಲ್ಲ, ಮುಖ್ಯ ಕೋಚ್‌ಗಳು: ಯಾರು ಹೋದರು, ಯಾರು ಬಂದರು, ಯಾರನ್ನು ಕಳುಹಿಸಿದರು. ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎಯ ಅತ್ಯುನ್ನತ ದರ್ಜೆಯಾದ ಮೊದಲ ಡಿವಿಷನ್ ಒಂದರಲ್ಲೇ ಮುನ್ನೂರಕ್ಕೂ ಹೆಚ್ಚು ಮಹಿಳಾ ತಂಡಗಳಿವೆ. ನೇಮಕದ ಅಂತಿಮ ಮಾತು ಸಾಮಾನ್ಯವಾಗಿ ಆ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರದ್ದು. ಅವರಲ್ಲಿ ಅನೇಕರು ಸಾಕರ್ ಆಡಿದವರಲ್ಲ. ಹಾಗಾಗಿ ಗೆಲುವು-ಸೋಲಿನ ಪಟ್ಟಿ ಹಿಡಿದು ಕೂರುವ ಚಾಳಿ ಸುಲಭವಾಗಿ ಅಂಟಿಕೊಳ್ಳುತ್ತದೆ. ಆ ಪಟ್ಟಿಯ ಆಚೆ ನೋಡುವುದು ಹೇಗೆಂಬುದನ್ನು ಹಂತ ಹಂತವಾಗಿ ಇಲ್ಲಿ ಕೊಟ್ಟಿದ್ದೇನೆ. ಅಮೆರಿಕದಲ್ಲಿ ನೆಲೆಸಿ, ವಾರಾಂತ್ಯವೆಲ್ಲ ಮಗಳನ್ನು ಕ್ಲಬ್ ಪಂದ್ಯಗಳಿಗೆ ಕರೆದೊಯ್ಯುವ ಕನ್ನಡದ ಅಪ್ಪ ಅಮ್ಮಂದಿರೂ ಕಾಲೇಜು ಆರಿಸುವಾಗ ಇವೇ ಪ್ರಶ್ನೆಗಳನ್ನು ಕೇಳಬಹುದು.

1. ಮೊದಲು ಹುದ್ದೆ ಯಾವುದೆಂದು ತೀರ್ಮಾನಿಸಿ

ಜಾಹೀರಾತು ಕೊಡುವ ಮುನ್ನ ಒಂದು ಪುಟ ಬರೆಯಿರಿ. ಇರುವ ತಂಡವನ್ನು ಕಾಪಾಡಿಕೊಳ್ಳಬೇಕೋ, ಕೆಡವಿ ಕಟ್ಟಬೇಕೋ? ಇವೆರಡೂ ಬೇರೆ ಬೇರೆ ಕೆಲಸ, ಬೇಕಾಗುವ ಮನುಷ್ಯರೂ ಬೇರೆ.

ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮಹಿಳಾ ತಂಡವನ್ನು 1979ರಿಂದ ನಡೆಸಿದ ಆನ್ಸನ್ ಡಾರೆನ್ಸ್ 2024ರ ಆಗಸ್ಟ್‌ನಲ್ಲಿ, ಋತು ಬಾಗಿಲಿಗೆ ಬಂದಾಗ ನಿವೃತ್ತಿ ಘೋಷಿಸಿದರು. ಹೊರಗೆ ಹುಡುಕಲು ಸಮಯವಿರಲಿಲ್ಲ. ಸಹಾಯಕರಾಗಿದ್ದ ಡೇಮನ್ ನಹಾಸ್ ಹಂಗಾಮಿಯಾಗಿ ಹೊಣೆ ಹೊತ್ತರು, ಅದೇ ಡಿಸೆಂಬರ್‌ನಲ್ಲಿ ತಂಡ ಎನ್‌ಸಿಎಎ ಪ್ರಶಸ್ತಿ ಗೆದ್ದಿತು, ಹುದ್ದೆ ಅವರಿಗೇ ಖಾಯಮಾಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಧೋರಣೆ ಕ್ರೀಡಾ ವಿಭಾಗಗಳಲ್ಲೂ ಇದೆ. ತಂಡ ಗಟ್ಟಿಯಾಗಿದ್ದರೆ ಮೊದಲು ಹಿತ್ತಲಿಗೇ ಹೋಗಿ ನೋಡಬೇಕು.

ಹಣದ ಲೆಕ್ಕವನ್ನೂ ಅದೇ ಪುಟದಲ್ಲಿ ಬರೆಯಿರಿ. ಮೊದಲೆಲ್ಲ ಒಂದು ತಂಡಕ್ಕೆ 14 ವಿದ್ಯಾರ್ಥಿವೇತನಗಳ ಮಿತಿಯಿತ್ತು. ಕೋಚ್ ಅದನ್ನು ಅರ್ಧ, ಕಾಲು ಎಂದು ಹಂಚುತ್ತಿದ್ದರು. ಆಟಗಾರರಿಗೆ ಹಣ ಕೊಡುವ ವಿಚಾರದಲ್ಲಿ ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಹೌಸ್ ಒಪ್ಪಂದದ ನಂತರ, ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ 28 ಮಂದಿಗಿಂತ ಹೆಚ್ಚಿರಬಾರದು ಎಂಬ ನಿಯಮ ಬಂತು. ಎಷ್ಟು ಜನಕ್ಕೆ ಪೂರ್ತಿ ವಿದ್ಯಾರ್ಥಿವೇತನ ಕೊಡುತ್ತೀರಿ ಎಂಬುದನ್ನು ಅಭ್ಯರ್ಥಿಗೆ ಮೊದಲೇ ಹೇಳದೆ ಪ್ರಶಸ್ತಿ ನಿರೀಕ್ಷಿಸುವುದು ಮೋಸ.

2. ಪಟ್ಟಿಯನ್ನು ಹಿಗ್ಗಿಸಿ

ನೇಮಕಾತಿ ಸಂಸ್ಥೆಗಳಿಗೆ ಹಣ ಕೊಟ್ಟರೆ ಹೆಸರುಗಳು ಬರುತ್ತವೆ, ಆದರೆ ಹೆಚ್ಚಾಗಿ ಎಲ್ಲರಿಗೂ ಗೊತ್ತಿರುವ ಹೆಸರುಗಳೇ. ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ ಟೈಟಲ್ ನೈನ್ ಕಾನೂನು ಬಂದ 1972ರಲ್ಲಿ ಕಾಲೇಜು ಮಹಿಳಾ ತಂಡಗಳ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ತಂಡಗಳಿಗೆ ಮಹಿಳೆಯರೇ ಕೋಚ್. ಹುದ್ದೆಗೆ ಸಂಬಳ, ಮರ್ಯಾದೆ ಬಂದ ಮೇಲೆ ಗಂಡಸರು ಬಂದರು. ಈಗ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿದೆ. 1982ರಲ್ಲಿ ಆರಂಭವಾದ ಎನ್‌ಸಿಎಎ ಮಹಿಳಾ ಸಾಕರ್ ಚಾಂಪಿಯನ್‌ಷಿಪ್‌ನ ಮೊದಲ ಡಿವಿಷನ್‌ನಲ್ಲಿ ಮಹಿಳಾ ಕೋಚ್ ಒಬ್ಬರು ಪ್ರಶಸ್ತಿ ಗೆಲ್ಲಲು 1998ರವರೆಗೆ, ಫ್ಲಾರಿಡಾ ವಿಶ್ವವಿದ್ಯಾಲಯದ ಬೆಕಿ ಬರ್ಲಿಯವರೆಗೆ, ಕಾಯಬೇಕಾಯಿತು. ಅರ್ಹರು ಸಿಗುವುದಿಲ್ಲ ಎನ್ನುವವರು ದೊಡ್ಡ ತಂಡಗಳ ಸಹಾಯಕ ಕೋಚ್‌ಗಳ ಪಟ್ಟಿ ತೆರೆದು ನೋಡಲಿ.

3. ದಾಖಲೆಯನ್ನು ಬಿಡಿಸಿ ಓದಿ

ಹನ್ನೆರಡು ಗೆಲುವು ಯಾರ ಮೇಲೆ? ಎನ್‌ಸಿಎಎ ತನ್ನ 64 ತಂಡಗಳ ಟೂರ್ನಿಗೆ ಆರಿಸುವಾಗ ನೋಡುವ ಆರ್‌ಪಿಐ ಅಂಕದಲ್ಲಿ ಸ್ವಂತ ಗೆಲುವಿಗೆ ಕಾಲು ಭಾಗದ ತೂಕ ಮಾತ್ರ. ಎದುರಾಳಿಗಳ ಗೆಲುವಿಗೆ ಅರ್ಧ, ಎದುರಾಳಿಗಳ ಎದುರಾಳಿಗಳಿಗೆ ಉಳಿದ ಕಾಲು. ಅದೇ ಬುದ್ಧಿಯನ್ನು ಆಯ್ಕೆ ಸಮಿತಿಯೂ ಬಳಸಬಹುದು. ಅಭ್ಯರ್ಥಿ ಬರುವ ಮುಂಚಿನ ಮೂರು ವರ್ಷ, ಬಂದ ಮೇಲಿನ ಮೂರು ವರ್ಷ ಪಕ್ಕಪಕ್ಕ ಇಡಿ. ಗೋಲು ಹೊಡೆದವರು ಇವರೇ ಕರೆತಂದವರೋ, ಹಿಂದಿನವರು ಬಿಟ್ಟುಹೋದ ಬೆಳೆಯೋ ನೋಡಿ.

ಆಮೇಲೆ ಪುಟ ತಿರುಗಿಸಿ, ಯಾರೂ ಅಷ್ಟಾಗಿ ಓದದ ಅಂಕಿಗೆ ಬನ್ನಿ. ಎನ್‌ಸಿಎಎಯ ಎಪಿಆರ್ ಲೆಕ್ಕದಲ್ಲಿ ವಿದ್ಯಾರ್ಥಿವೇತನ ಪಡೆಯುವ ಪ್ರತಿ ಆಟಗಾರ್ತಿಗೂ ಒಂದೊಂದು ಅವಧಿಗೆ ಎರಡು ಅಂಕ: ಓದಿನಲ್ಲಿ ಅರ್ಹಳಾಗಿದ್ದರೆ ಒಂದು, ಅದೇ ಕಾಲೇಜಿನಲ್ಲಿ ಉಳಿದರೆ ಇನ್ನೊಂದು. ಸಾವಿರ ಪೂರ್ಣಾಂಕ, 930ಕ್ಕಿಂತ ಕೆಳಗಿಳಿದರೆ ಋತುವಿನ ಕೊನೆಯ ಟೂರ್ನಿಗೆ ಬಾಗಿಲು ಮುಚ್ಚಬಹುದು. ಜೊತೆಗೆ ಹಿಂದಿನ ನಾಲ್ಕು ವರ್ಷಗಳ ತಂಡದ ಪಟ್ಟಿಗಳನ್ನು ಮುದ್ರಿಸಿ, ಮೊದಲ ವರ್ಷದ ಹುಡುಗಿಯರ ಹೆಸರಿನ ಕೆಳಗೆ ಗೆರೆ ಎಳೆಯಿರಿ. ಅವರಲ್ಲಿ ಎಷ್ಟು ಮಂದಿ ಕೊನೆಯ ವರ್ಷದ ಪಟ್ಟಿಯಲ್ಲಿದ್ದಾರೆ? ವರ್ಗಾವಣೆ ಸಲೀಸಾಗಿರುವ ಈ ಕಾಲದಲ್ಲಿ ಒಂದಿಬ್ಬರು ಹೋಗುವುದು ಸಹಜ. ಆ ವರ್ಷ ಸೇರಿದವರಲ್ಲಿ ಅರ್ಧ ಮಂದಿಯೇ ಹೋಗಿದ್ದರೆ ಕಾರಣ ಕೇಳಿಯೇ ಮುಂದೆ ಹೋಗಬೇಕು.

4. ಫೋನ್ ಮಾಡಿ, ಪಟ್ಟಿಯಲ್ಲಿ ಇಲ್ಲದವರಿಗೆ

ನನ್ನ ಪ್ರಕಾರ ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯವಾದದ್ದು ಇದು, ಅತಿ ಬೇಗ ಮುಗಿಸಿಬಿಡುವುದೂ ಇದನ್ನೇ. ಅಭ್ಯರ್ಥಿ ಕೊಟ್ಟ ಮೂರು ಹೆಸರುಗಳು ಹೊಗಳುತ್ತವೆ. ಹೊಗಳುತ್ತಾರೆಂದೇ ಆ ಹೆಸರು ಕೊಟ್ಟಿರುತ್ತಾರೆ.

ಅಮೆರಿಕದ ವೃತ್ತಿಪರ ಮಹಿಳಾ ಲೀಗ್‌ನಲ್ಲಿ ನಡೆದ ದೌರ್ಜನ್ಯಗಳ ಬಗ್ಗೆ ಅಮೆರಿಕದ ಮಾಜಿ ಹಂಗಾಮಿ ಅಟಾರ್ನಿ ಜನರಲ್ ಸ್ಯಾಲಿ ಯೇಟ್ಸ್ ನಡೆಸಿದ ತನಿಖೆಯ ವರದಿ 2022ರ ಅಕ್ಟೋಬರ್‌ನಲ್ಲಿ ಹೊರಬಂತು. ದೂರುಗಳಿದ್ದ ಕೋಚ್‌ಗಳು ಒಂದು ತಂಡ ಬಿಟ್ಟು ಇನ್ನೊಂದಕ್ಕೆ ಸರಾಗವಾಗಿ ಸಾಗಿದ್ದರು; ಹಳೆಯ ತಂಡ ಕಾರಣವನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅದು ಕಾಲೇಜಿನ ಕಥೆಯಲ್ಲ, ಆದರೆ ಕಾಲೇಜಿನ ನೇಮಕಗಳಿಗೂ ಪಾಠ ಒಂದೇ: ‘ಒಳ್ಳೆಯವರು, ಶುಭವಾಗಲಿ’ ಎಂಬ ಎರಡು ಸಾಲಿನ ಉತ್ತರ ಬಂದರೆ ಫೋನ್ ಇಡಬೇಡಿ.

ಯಾರಿಗೆ ಕರೆ ಮಾಡಬೇಕು? ಹೆಚ್ಚು ಆಡದೆ ಬೆಂಚಿನಲ್ಲಿ ಕುಳಿತ ಆಟಗಾರ್ತಿಗೆ. ಗಾಯಗೊಂಡು ಋತು ಕಳೆದುಕೊಂಡವಳಿಗೆ. ಗಾಯಗಳನ್ನು ನೋಡಿಕೊಳ್ಳುವ ತಂಡದ ಅಥ್ಲೆಟಿಕ್ ಟ್ರೈನರ್‌ಗೆ, ಏಕೆಂದರೆ ಮೊಣಕಾಲು ನೋವಿದ್ದರೂ ಆಡಿಸು ಎಂದು ಒತ್ತಾಯ ಬಂದಿತ್ತೇ ಎಂಬುದು ಗೊತ್ತಿರುವುದು ಅವರಿಗೆ. ‘ಕೋಚ್ ಹೇಗಿದ್ದಾರೆ’ ಎಂದು ಕೇಳಿದರೆ ‘ಚೆನ್ನಾಗಿದ್ದಾರೆ’ ಎಂಬ ಉತ್ತರ ಬರುತ್ತದೆ. ‘ನಿಮ್ಮನ್ನು ತಂಡದಿಂದ ಕೈಬಿಟ್ಟ ದಿನ ಅದನ್ನು ಹೇಗೆ ತಿಳಿಸಿದರು?’ ಎಂದು ಕೇಳಿ. ‘ತೂಕದ ಬಗ್ಗೆ ಮಾತು ಬರುತ್ತಿತ್ತೇ?’ ಎಂದು ಕೇಳಿ. ‘ನಿಮ್ಮ ತಂಗಿಯನ್ನು ಅಲ್ಲಿಗೆ ಕಳುಹಿಸುತ್ತೀರಾ?’ ಎಂದು ಕೇಳಿ, ಆಮೇಲೆ ಸುಮ್ಮನಿರಿ. ಉತ್ತರಕ್ಕಿಂತ ಮುಂಚಿನ ಮೌನವನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳಬೇಕು.

5. ಸಂದರ್ಶನ ಮೈದಾನದಲ್ಲೂ ಆಗಲಿ

ಕೊಠಡಿಯಲ್ಲಿ ಸ್ಲೈಡ್ ತೋರಿಸುವುದನ್ನು ಯಾರೂ ಕಲಿಯಬಹುದು. ನಿಮ್ಮದೇ ತಂಡ ಸೋತ ಒಂದು ಪಂದ್ಯದ ವಿಡಿಯೊ ಹಿಂದಿನ ದಿನ ಕೊಟ್ಟು, ‘ಅರ್ಧವಿರಾಮದಲ್ಲಿ ಏನು ಬದಲಾಯಿಸುತ್ತಿದ್ದಿರಿ?’ ಎಂದು ಕೇಳಿ. ಅವರು ಈಗ ನಡೆಸುತ್ತಿರುವ ಅಭ್ಯಾಸದ ವಿಡಿಯೊವನ್ನು ಆರಂಭದಿಂದ ಕೊನೆಯವರೆಗೆ, ಎಡಿಟ್ ಮಾಡದೆ ತರಿಸಿಕೊಳ್ಳಿ. ಪಾಸ್ ತಪ್ಪಿದಾಗ ಆಟ ನಿಲ್ಲಿಸಿ ಕೂಗುತ್ತಾರೋ, ಹುಡುಗಿಗೇ ಪ್ರಶ್ನೆ ಹಾಕುತ್ತಾರೋ ತಿಳಿಯುತ್ತದೆ. ಕೋಚಿಂಗ್ ಲೈಸೆನ್ಸ್ ಯಾವ ದರ್ಜೆಯದೆಂದು ನೋಡಿ, ಆದರೆ ಅದರ ಮೇಲೆ ಮನೆ ಕಟ್ಟಬೇಡಿ. ತಂಡದ ನಾಲ್ಕೈದು ಆಟಗಾರ್ತಿಯರು ಅಭ್ಯರ್ಥಿಯನ್ನು ಭೇಟಿಯಾಗಲಿ; ಮತ ಬೇಡ, ಅಭಿಪ್ರಾಯ ಸಾಕು. ಮುಖ್ಯ ಕೋಚ್ ಬದಲಾದರೆ ಆಟಗಾರ್ತಿಯರು ಬೇರೆ ಕಾಲೇಜಿಗೆ ಹೋಗಲು ನಿಯಮವೇ ಪ್ರತ್ಯೇಕ ಅವಕಾಶ ಕೊಡುತ್ತದೆ. ಅವರನ್ನು ಕತ್ತಲಲ್ಲಿಟ್ಟರೆ ಹೊಸ ಕೋಚ್ ಬರುವ ಹೊತ್ತಿಗೆ ತಂಡವೇ ಅರೆಬರೆ ಖಾಲಿಯಾಗಿರಬಹುದು.

6. ಒಪ್ಪಂದ

ವಕೀಲರ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ: ನಡುವೆ ಕಳುಹಿಸಿದರೆ ಕೊಡಬೇಕಾದ ಪರಿಹಾರವನ್ನು ವರ್ಷ ಕಳೆದಂತೆ ಇಳಿಯುವಂತೆ ಬರೆಸಿ, ಆಟಗಾರ್ತಿಯರ ಯೋಗಕ್ಷೇಮದ ಷರತ್ತನ್ನು ಗೆಲುವಿನ ಬೋನಸ್‌ನಷ್ಟೇ ಸ್ಪಷ್ಟವಾಗಿ ಸೇರಿಸಿ. ಇದು ಏಕೆ ಬೇಕೆಂಬುದಕ್ಕೆ ಫ್ಲಾರಿಡಾವೇ ಉದಾಹರಣೆ. ಬರ್ಲಿ 2021ರಲ್ಲಿ ನಿವೃತ್ತರಾದ ಬಳಿಕ ಫ್ಲಾರಿಡಾ ತಂದ ಕೋಚ್‌ಗೆ ಬೇರೆಡೆ ಒಳ್ಳೆಯ ದಾಖಲೆಯೇ ಇತ್ತು. ಆದರೂ ಒಂದೇ ಋತುವಿನ ನಂತರ, 2022ರ ಏಪ್ರಿಲ್‌ನಲ್ಲಿ, ಕೋಚ್‌ಗೂ ಆಟಗಾರ್ತಿಯರಿಗೂ ಹೊಂದಾಣಿಕೆಯಾಗಲಿಲ್ಲ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯ ಅವರನ್ನು ಬಿಡುಗಡೆ ಮಾಡಿತು.

7. ಅಳೆಯುವುದು ಯಾವಾಗ, ಹೇಗೆ

ಹೈಸ್ಕೂಲ್ ಹುಡುಗಿಯರೊಡನೆ ಕೋಚ್ ನೇರವಾಗಿ ಮಾತು ಆರಂಭಿಸಬಹುದಾದದ್ದು ಅವರ ಹತ್ತನೇ ತರಗತಿ ಮುಗಿದ ಜೂನ್ 15ರಿಂದ. 2025ರ ಡಿಸೆಂಬರ್‌ನಲ್ಲಿ ಬಂದ ಕೋಚ್ 2026ರ ಜೂನ್‌ನಲ್ಲಿ ಮಾತನಾಡಿಸಿದ ಹುಡುಗಿ ಕಾಲೇಜು ಜರ್ಸಿ ತೊಡುವುದು 2028ರ ಆಗಸ್ಟ್‌ನಲ್ಲಿ. ಅಂದರೆ ಆರಂಭದಿಂದಲೂ ಇವರೇ ಆರಿಸಿದ ಆಟಗಾರ್ತಿಯರು ಕಣಕ್ಕಿಳಿಯುವುದು ಮೂರನೇ ಋತುವಿನಲ್ಲಿ. ಮೊದಲ ವರ್ಷ ಗೆಲುವನ್ನಲ್ಲ, ಅಭ್ಯಾಸದ ಗುಣಮಟ್ಟವನ್ನು ನೋಡಿ: ವಾರಕ್ಕೆ 20 ಗಂಟೆಗಳ ಮಿತಿ ಪಾಲನೆಯಾಗುತ್ತಿದೆಯೇ, ರಜಾದಿನ ನಿಜಕ್ಕೂ ರಜವೇ? ಎರಡನೆಯ ವರ್ಷ ಹಳಬರು ಸುಧಾರಿಸಿದರೇ ಎಂದು ನೋಡಿ. ಗೆಲುವಿನ ಲೆಕ್ಕ ಮೂರನೆಯ ವರ್ಷದಿಂದ.

ಗೆಲುವು ಎಷ್ಟು ಜಾರುವ ವಸ್ತು ಎಂಬುದಕ್ಕೆ 2022ರ ಎನ್‌ಸಿಎಎ ಫೈನಲ್ ಸಾಕು. ಸ್ಟ್ಯಾನ್‌ಫೋರ್ಡ್‌ನಲ್ಲಿ ಸಹಾಯಕಿಯಾಗಿದ್ದ ಮಾರ್ಗರೀಟ್ ಅಯೊಜಾಸಾ ಅವರಿಗೆ ಯುಸಿಎಲ್‌ಎಯಲ್ಲಿ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಮುಖ್ಯ ಕೋಚ್ ಆಗಿ ಅದು ಮೊದಲ ಋತು. ನಾರ್ತ್ ಕ್ಯಾರೊಲಿನಾ ಎದುರು ತಂಡ 0–2ರಿಂದ ಹಿಂದಿತ್ತು. ಹತ್ತು ನಿಮಿಷ ಉಳಿದಿರುವಾಗ ಒಂದು ಗೋಲು ಬಂತು. 16 ಸೆಕೆಂಡ್ ಉಳಿದಿರುವಾಗ, ಕಾರ್ನರ್‌ನಿಂದ ಬಂದ ಚೆಂಡಿನಲ್ಲಿ ರೀಲಿನ್ ಟರ್ನರ್ ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ 3–2. ಮೊದಲ ವರ್ಷದಲ್ಲೇ ಪ್ರಶಸ್ತಿ ಗೆದ್ದ ಕೋಚ್ ಎಂಬ ಹೆಸರು ಅವರಿಗೆ ಬಂತು. ಆ ಕಾರ್ನರ್ ಗೋಲಾಗದೆ ಹೋಗಿದ್ದರೂ ಆಗಸ್ಟ್‌ನಿಂದ ಅವರು ಮಾಡಿದ ಕೆಲಸ ಅಷ್ಟೇ ಒಳ್ಳೆಯದಾಗಿರುತ್ತಿತ್ತು. ಮೌಲ್ಯಮಾಪನ ಮಾಡುವವರು ನೋಡಬೇಕಾದದ್ದು ಆ ಕೆಲಸವನ್ನು.

ಋತು ಮುಗಿದ ಮೇಲೆ ಆಟಗಾರ್ತಿಯರ ಲಿಖಿತ ಅಭಿಪ್ರಾಯ ಪಡೆಯಿರಿ. ಸಂಗ್ರಹಿಸುವವರು ಕೋಚ್‌ನ ಕೈಕೆಳಗಿನವರಾಗಿರಬಾರದು. ತಂಡ ಬಿಟ್ಟವರನ್ನು ಪ್ರತ್ಯೇಕವಾಗಿ ಕೇಳಿ. ಉತ್ತರಗಳನ್ನು ಕೋಚ್‌ಗೆ ಯಥಾವತ್ತಾಗಿ ಕೊಡಬೇಡಿ, ಸಾರಾಂಶ ಮಾಡಿ ಕೊಡಿ. ತಂಡದಲ್ಲಿ ಗೋಲ್‌ಕೀಪರ್‌ಗಳು ಇರುವುದೇ ಮೂವರು ನಾಲ್ವರು. ‘ಗೋಲ್‌ಕೀಪರ್ ಅಭ್ಯಾಸ ಸಾಲದು’ ಎಂಬ ಒಂದು ಸಾಲು ಸಾಕು, ಬರೆದವಳು ಯಾರೆಂದು ಕೋಚ್‌ಗೆ ಗೊತ್ತಾಗಿಬಿಡುತ್ತದೆ.