ನಾಲ್ಕು ಕ್ಯಾಮೆರಾ, ಒಂದು ಹರಕೆ ಆಟ: ಎಡಿಟಿಂಗ್ ಸಾಫ್ಟ್‌ವೇರ್ ಆರಿಸಿದ ಬಗೆ

ಕುಂದಾಪುರದ ಹತ್ತಿರದ ನಮ್ಮ ಮನೆಯಲ್ಲಿ ಹರಕೆ ಆಟ, ಅಂದರೆ ಹರಕೆಯ ಯಕ್ಷಗಾನ, ಆಡಿಸಿದ್ದೆವು. ವಿಡಿಯೊ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮಾವನ ಹಳೆಯ ಕ್ಯಾಮ್‌ಕಾರ್ಡರ್‌ನ ಎಂಟಿಎಸ್ ಫೈಲ್‌ಗಳು, ತಮ್ಮನ ಐಫೋನ್‌ನ ಎಚ್‌ಇವಿಸಿ, ನನ್ನ ಆಂಡ್ರಾಯ್ಡ್‌ನ ಎಂಪಿ4, ಜೊತೆಗೆ ಅತ್ತೆ ವಾಟ್ಸಾಪ್‌ನಲ್ಲಿ ಕಳಿಸಿದ ತುಣುಕುಗಳು: ಹೀಗೆ ಬೇರೆ ಬೇರೆ ಬಗೆಯ ವಿಡಿಯೊ ಫೈಲ್‌ಗಳು. ಕೈಗೆ ಸಿಕ್ಕ ಸಾಫ್ಟ್‌ವೇರ್‌ನಲ್ಲಿ ಎಲ್ಲವನ್ನೂ ಹಾಕಿದೆ. ಮೊದಲು ಸರಿಯಾಗಿಯೇ ಇತ್ತು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಚೆಂಡೆಗೆ ಕೋಲು ಬೀಳುವುದು ಒಂದು ಹೊತ್ತು, ಸದ್ದು ಕೇಳುವುದು ಇನ್ನೊಂದು ಹೊತ್ತು. ಮಾತಿನಲ್ಲಿ ಇಂಥದ್ದು ತಪ್ಪಿಸಿಕೊಳ್ಳಬಹುದು, ಚೆಂಡೆಯಲ್ಲಿ ಆಗದು.

ಕಾರಣ ಫೋನ್‌ನ ವಿಡಿಯೊದಲ್ಲಿತ್ತು. ಬೆಳಕು ಕಡಿಮೆಯಾದರೆ ಎಷ್ಟೋ ಫೋನ್‌ಗಳು ಸೆಕೆಂಡಿಗೆ ಹಿಡಿಯುವ ಫ್ರೇಮ್‌ಗಳನ್ನು (ಬಿಡಿ ಚಿತ್ರಗಳನ್ನು) ತಾವಾಗಿಯೇ ಇಳಿಸುತ್ತವೆ. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಕೆಲವು ಸಾಫ್ಟ್‌ವೇರ್‌ಗಳು ಇದನ್ನು ಗಮನಿಸದೆ ಫ್ರೇಮ್‌ಗಳನ್ನು ಒಂದೇ ಅಳತೆಯಲ್ಲಿ ಓಡಿಸುತ್ತವೆ. ಆಗ ಚಿತ್ರ ಮತ್ತು ಸದ್ದು ಬೇರೆಯಾಗುತ್ತವೆ.

ಹಾಗಾಗಿ ಸಾಫ್ಟ್‌ವೇರ್ ಹುಡುಕುವ ಮುಂಚೆ ಮೀಡಿಯಾಇನ್ಫೋ ಹಾಕಿಕೊಳ್ಳಿ. ವಿಡಿಯೊ ಫೈಲ್‌ನ ಒಳವಿವರ ತೋರಿಸುವ ಸಾಫ್ಟ್‌ವೇರ್ ಅದು. ಉಚಿತ, ಪುಟ್ಟದು. ಪ್ರತಿ ಮೂಲದಿಂದ ಒಂದೊಂದು ಫೈಲ್ ತೆರೆದು ಕೋಡೆಕ್ (ವಿಡಿಯೊ ಕುಗ್ಗಿಸಿಟ್ಟ ವಿಧಾನ), ಫ್ರೇಮ್ ರೇಟ್, ಅದರ ಮೋಡ್ (ಸ್ಥಿರವೋ ಏರುಪೇರೋ), ಸ್ಕ್ಯಾನ್ ಟೈಪ್ (ಫ್ರೇಮಿನ ಸಾಲುಗಳನ್ನು ಹಿಡಿದ ಬಗೆ) ಬರೆದಿಟ್ಟುಕೊಳ್ಳಿ. ನಿಮ್ಮಲ್ಲಿರುವ ಅತಿ ತೊಂದರೆಯ ಫೈಲನ್ನು ಯಾವುದು ಸರಿಯಾಗಿ ಓಡಿಸುತ್ತದೋ ಅದೇ ನಿಮ್ಮ ಸಾಫ್ಟ್‌ವೇರ್.

ನನ್ನದು 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್. ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎರಡನ್ನೂ ನೋಡಿದೆ. ಎರಡೂ ಉಚಿತ, ಎರಡೂ ಒಳಗೆ ನಾನಾ ಬಗೆಯ ವಿಡಿಯೊ ಓದಬಲ್ಲ ಎಫ್‌ಎಫ್‌ಎಂಪೆಗ್ ಬಳಸುತ್ತವೆ. ಅದಕ್ಕೇ ಹೆಚ್ಚುಕಡಿಮೆ ಎಲ್ಲ ಫೈಲ್ ತೆರೆಯುತ್ತವೆ. ಫ್ರೇಮ್ ರೇಟ್ ಏರುಪೇರಾದ ಕ್ಲಿಪ್ ಸಿಕ್ಕರೆ ಎಡಿಟಿಂಗ್‌ಗೆ ಹೊಂದುವಂತೆ ಬದಲಾಯಿಸಿಕೊಡಲೇ ಎಂದು ಕೇಳುತ್ತವೆ. ಒಪ್ಪಿಕೊಳ್ಳಿ. ಹೊಸ ಫೈಲ್ ಹಲವು ಪಟ್ಟು ದೊಡ್ಡದಾಗಬಹುದು, ಡಿಸ್ಕಿನಲ್ಲಿ ಜಾಗ ಇರಲಿ. ಪ್ರಾಕ್ಸಿ ಸೌಲಭ್ಯವೂ ಇದೆ: ಎಡಿಟ್ ಮಾಡುವಾಗ ಹಗುರ ಪ್ರತಿ, ಕೊನೆಗೆ ಮೂಲ ಫೈಲ್. ನಾನು ಕೆಡೆನ್‌ಲೈವ್ ಇಟ್ಟುಕೊಂಡೆ.

ಡಾವಿಂಚಿ ರಿಸಾಲ್ವ್ ಬಣ್ಣ ಹೊಂದಿಸುವುದರಲ್ಲಿ ಬಹಳ ಮುಂದೆ. ಆದರೆ ಯಂತ್ರವೂ ಗಟ್ಟಿ ಇರಬೇಕು. ಲಿನಕ್ಸ್‌ನಲ್ಲಿ ಅದರ ಉಚಿತ ಆವೃತ್ತಿ ಎಚ್.264, ಎಚ್.265 (ಎಚ್‌ಇವಿಸಿ) ವಿಡಿಯೊ ತೆರೆಯುವುದೇ ಇಲ್ಲ. ಫೋನ್‌ಗಳು ಸಾಮಾನ್ಯವಾಗಿ ಹಿಡಿಯುವುದು ಈ ಎರಡು ಕೋಡೆಕ್‌ಗಳಲ್ಲೇ. ಫೋನ್ ವಿಡಿಯೊ ಜಾಸ್ತಿ ಇರುವವರಿಗೆ ಇದು ದೊಡ್ಡ ತೊಡಕು.

ಪ್ರಾಜೆಕ್ಟ್‌ನ ಫ್ರೇಮ್ ರೇಟನ್ನು ಮೊದಲೇ ನಿಗದಿ ಮಾಡಿ. ಯಾವ ಕ್ಯಾಮೆರಾದ ವಿಡಿಯೊ ಹೆಚ್ಚು ಹೊತ್ತು ಇದೆಯೋ ಅದರದ್ದೇ ಇರಲಿ. ನನಗೆ ಅದು ಕ್ಯಾಮ್‌ಕಾರ್ಡರ್‌ನ 25. ಆ ಫೈಲ್‌ಗಳು ಇಂಟರ್‌ಲೇಸ್ ಆಗಿದ್ದವು, ಅಂದರೆ ಪ್ರತಿ ಫ್ರೇಮನ್ನು ಒಂದು ಬಿಟ್ಟು ಒಂದು ಸಾಲಿನಂತೆ ಎರಡು ಅರ್ಧಗಳಾಗಿ ಹಿಡಿದಿದ್ದವು. ಹಾಗೇ ಬಿಟ್ಟರೆ ವೇಷ ಗಿರ್ಕಿ ಹೊಡೆಯುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಡಿಇಂಟರ್‌ಲೇಸ್ ಮಾಡಲೇಬೇಕು.

ಐಫೋನ್ 12 ಮತ್ತು ಅದರ ನಂತರದ ಹಲವು ಐಫೋನ್‌ಗಳು ಎಚ್‌ಡಿಆರ್‌ನಲ್ಲಿ, ಅಂದರೆ ಬೆಳಕು-ನೆರಳಿನ ಹರವು ಹೆಚ್ಚಿರುವ ಬಗೆಯಲ್ಲಿ, ಹಿಡಿಯುತ್ತವೆ. ಉಳಿದವುಗಳ ಪಕ್ಕದಲ್ಲಿ ಇಟ್ಟರೆ ಬಣ್ಣ ಹೊಂದುವುದಿಲ್ಲ. ಮುಂದಿನ ಸಲ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿಯೇ ಶೂಟ್ ಮಾಡಲು ತಮ್ಮನಿಗೆ ಹೇಳಿದ್ದೇನೆ.

ಕಡೆಗೆ ಒಂದು ಪರೀಕ್ಷೆ. ಅತಿ ಉದ್ದದ ಫೋನ್ ಕ್ಲಿಪ್ ಅನ್ನು ಕತ್ತರಿಸದೆ ಟೈಮ್‌ಲೈನ್‌ಗೆ ಹಾಕಿ. ಶುರುವಿನ ಒಂದು ಚೆಂಡೆ ಪೆಟ್ಟು ನೋಡಿ. ಮತ್ತೆ ಕೊನೆಯ ನಿಮಿಷಕ್ಕೆ ಹೋಗಿ ಇನ್ನೊಂದು ಪೆಟ್ಟು ನೋಡಿ. ಎರಡೂ ಕಡೆ ಕೋಲು, ಸದ್ದು ಕೂಡಿದರೆ ಎಡಿಟಿಂಗ್ ಶುರು ಮಾಡಿ.