ನನ್ನ ಟ್ಯಾಕ್ಸಿ ಬ್ಯಾಡ್ಜ್ ಇಂಗ್ಲೆಂಡಿನದು, ಪೊಲೀಸ್ ಬಂದಿದ್ದು ಮದ್ದೂರಿನ ಮನೆಗೆ

ಮೈಸೂರಿನಲ್ಲಿ ಎಂಟು ವರ್ಷ ಟೂರಿಸ್ಟ್ ಗಾಡಿ ಓಡಿಸಿದವನು ನಾನು. ಊಟಿ, ಮಡಿಕೇರಿ, ಧರ್ಮಸ್ಥಳ, ಎಲ್ಲಾ ದಾರಿಯೂ ಬಾಯಿಪಾಠ. 2021ರಲ್ಲಿ ಹೆಂಡತಿಗೆ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳ ಡಿಪೆಂಡೆಂಟ್ ಆಗಿ ನಾನೂ ಬಂದೆ. ಗೋಡೌನಿನಲ್ಲಿ ಡಬ್ಬ ಎತ್ತಿ ಎತ್ತಿ ಬೇಜಾರಾಯ್ತು. ಸ್ಟಿಯರಿಂಗ್ ಹಿಡಿದ ಕೈ ಅಲ್ವಾ, ಮತ್ತೆ ಅದನ್ನೇ ಹಿಡಿಯೋಣ ಅಂತ ಹೊರಟೆ. ಈಗ ಊರಿನ ಕಡೆಯ ಹುಡುಗರು "ಅಣ್ಣಾ, ಅಲ್ಲಿ ಟ್ಯಾಕ್ಸಿ ಲೈಸೆನ್ಸ್ ಹೇಗೆ ಮಾಡಿಸಿದ್ರಿ" ಅಂತ ಕೇಳ್ತಾ ಇರುತ್ತಾರೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳುವ ಬದಲು ಇಲ್ಲಿ ಬರೆದಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಇಲ್ಲಿ ಆರ್‌ಟಿಒ ಅಂತ ಇಲ್ಲ. ಕಾರು ಓಡಿಸುವ ಲೈಸೆನ್ಸ್ ಸರ್ಕಾರದ ಡಿವಿಎಲ್‌ಎ ಕೊಡುತ್ತದೆ, ಬಾಡಿಗೆಗೆ ಓಡಿಸುವ ಲೈಸೆನ್ಸ್ ಕೊಡುವುದು ಊರಿನ ಕೌನ್ಸಿಲ್. ಅಂದರೆ ಕಸ ಎತ್ತುವ, ಮನೆ ಕಂದಾಯ ತೆಗೆದುಕೊಳ್ಳುವ ನಗರಸಭೆಯೇ ಟ್ಯಾಕ್ಸಿಗೂ ಯಜಮಾನ! ಲಂಡನ್ನಿನಲ್ಲಿ ಮಾತ್ರ ಬೇರೆ ವ್ಯವಸ್ಥೆ. ಉಳಿದ ಕಡೆ 1976ರ ಒಂದು ಕಾನೂನಿನ ಪ್ರಕಾರ ಡ್ರೈವರಿಗೊಂದು, ಗಾಡಿಗೊಂದು, ಬುಕಿಂಗ್ ತೆಗೆದುಕೊಳ್ಳುವ ಆಪರೇಟರಿಗೊಂದು, ಹೀಗೆ ಮೂರು ಲೈಸೆನ್ಸ್. ಮೂರೂ ಒಂದೇ ಕೌನ್ಸಿಲಿನದು ಆಗಿರಬೇಕು.

ನಮ್ಮ ಇಂಡಿಯಾ ಡಿಎಲ್ ಇಲ್ಲಿ ಒಂದು ವರ್ಷ ನಡೆಯುತ್ತದೆ, ಆದರೆ ಅದನ್ನು ಕೊಟ್ಟು ಇಲ್ಲಿನದನ್ನು ಪಡೆಯಲು ಆಗುವುದಿಲ್ಲ. ಹೊಸದಾಗಿ ಟೆಸ್ಟ್ ಕೊಡಲೇಬೇಕು. ಥಿಯರಿಯಲ್ಲಿ 50ಕ್ಕೆ 43 ಬರಬೇಕು. ಅದು ಬಂತು. ರೋಡ್ ಟೆಸ್ಟಿನಲ್ಲಿ ಎಂಟು ವರ್ಷದ ಡ್ರೈವರು ಫೇಲ್! ನಾನು ಕನ್ನಡಿಯನ್ನು ಬರೀ ಕಣ್ಣು ಹೊರಳಿಸಿ ನೋಡುತ್ತಿದ್ದೆ, ಪಕ್ಕದಲ್ಲಿ ಕೂತವರಿಗೆ ನಾನು ನೋಡಿದ್ದೇ ಕಾಣಲಿಲ್ಲ. ಎರಡನೇ ಸಲ ಕತ್ತು ತಿರುಗಿಸಿ ತಿರುಗಿಸಿ ಪಾಸಾದೆ. ಆ ಲೈಸೆನ್ಸಿಗೆ ಒಂದು ವರ್ಷ ತುಂಬಿದ ಮೇಲೆ ಕೌನ್ಸಿಲಿಗೆ ಅರ್ಜಿ ಹಾಕಿದೆ. ಒಂದು ಮಾತು, ಸ್ಟೂಡೆಂಟ್ ವೀಸಾದವರು ಈ ಆಸೆ ಬಿಡಿ. ಸ್ವಂತ ಉದ್ಯೋಗಕ್ಕೆ ಆ ವೀಸಾದಲ್ಲಿ ಅವಕಾಶವಿಲ್ಲ.

ಅರ್ಜಿ ಹಾಕಿದ ಮೇಲೆ ಗೊತ್ತಾಗಿದ್ದು, ಇವರಿಗೆ ನನ್ನ ಡ್ರೈವಿಂಗಿಗಿಂತ ನನ್ನ ಜಾತಕ ಮುಖ್ಯ ಅಂತ. "ಫಿಟ್ ಅಂಡ್ ಪ್ರಾಪರ್" ಅನ್ನುವುದು ಕಾನೂನಿನದೇ ಮಾತು. ಇವನನ್ನು ನಂಬಿ ಮಗಳನ್ನು ರಾತ್ರಿ ಹೊತ್ತು ಒಬ್ಬಳೇ ಇವನ ಗಾಡಿಯಲ್ಲಿ ಕಳಿಸಬಹುದಾ ಅನ್ನುವ ಪ್ರಶ್ನೆ ಅದು. ಅದಕ್ಕೇ ಡಿಬಿಎಸ್ ಅಂತ ಒಂದು ಪೊಲೀಸ್ ರೆಕಾರ್ಡ್ ತಪಾಸಣೆ. ಸರ್ಟಿಫಿಕೇಟಿನ ತಾರೀಖಿನಿಂದ 30 ದಿನದೊಳಗೆ ಅದರ ಅಪ್‌ಡೇಟ್ ಸರ್ವಿಸಿಗೆ (ಆ ರೆಕಾರ್ಡನ್ನು ಆನ್‌ಲೈನಿನಲ್ಲಿ ಆಗಾಗ ನೋಡಲು ಇರುವ ವ್ಯವಸ್ಥೆ) ಸೇರಿಕೊಳ್ಳಿ, ಮರೆತರೆ ಮತ್ತೆ ದುಡ್ಡು ಕಟ್ಟಿ ಹೊಸದು ಮಾಡಿಸಬೇಕು. ಆರು ತಿಂಗಳಿಗೊಮ್ಮೆ ಕೌನ್ಸಿಲ್ ಅದನ್ನು ನೋಡುತ್ತಾ ಇರುತ್ತದೆ.

ಇದು ಸಾಲದು ಅಂತ ಇಂಡಿಯಾದಿಂದಲೂ ಪೊಲೀಸ್ ಸರ್ಟಿಫಿಕೇಟ್ ಕೇಳಿದರು. ಇಂಡಿಯಾದ ಪಾಸ್‌ಪೋರ್ಟ್, ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್‌ನಲ್ಲಿ ಅರ್ಜಿ ಕೊಟ್ಟು ಸುಮ್ನಾದೆ. ಕೆಲವು ವಾರ ಕಳೆದ ಮೇಲೆ ಒಂದು ದಿನ ಬೆಳಗಿನ ಜಾವ ಐದಕ್ಕೆ ಅವ್ವನ ಫೋನು. "ಪೊಲೀಸ್ನೋರು ಮನೆ ತಾವ್ಕೆ ಬಂದವ್ರೆ ಕಣ್ಲಾ, ಅದೇನ್ ಮಾಡ್ಕೊಂಡ್ಯೋ ಅಲ್ಲಿ?" ಪಕ್ಕದಲ್ಲೇ ಇದ್ದ ಕಾನ್‌ಸ್ಟೇಬಲ್ ಫೋನ್ ಇಸ್ಕೊಂಡು, "ಏನಿಲ್ಲ ಸಾರ್, ವೆರಿಫಿಕೇಶನ್ನು" ಅಂದರು. ಅಷ್ಟರಲ್ಲಿ ಬೀದಿಗೆಲ್ಲಾ ಸುದ್ದಿ. ನೀವು ಅರ್ಜಿ ಕೊಟ್ಟ ದಿನವೇ ಮನೆಗೆ ಹೇಳಿಬಿಡಿ.

ಮೆಡಿಕಲ್ ಕೂಡ ಸುಮ್ನೆ ಅಲ್ಲ. ಬಸ್ಸು, ಲಾರಿ ಡ್ರೈವರಿಗೆ ನೋಡುವ ಮಟ್ಟವನ್ನೇ ನಮಗೂ ನೋಡುತ್ತಾರೆ. ನಾಲೆಜ್ ಟೆಸ್ಟಿನಲ್ಲಿ ಊರಿನ ರಸ್ತೆ, ಆಸ್ಪತ್ರೆ, ಸ್ಕೂಲು, ಜೊತೆಗೆ ಕಾನೂನು. ನನಗೆ ಬಂದ ಒಂದು ಪ್ರಶ್ನೆ: ಕಣ್ಣು ಕಾಣದವರು ಗೈಡ್ ಡಾಗ್ ಜೊತೆ ಬಂದರೆ ಜಾಸ್ತಿ ದುಡ್ಡು ಕೇಳಬಹುದೇ? ಕೇಳುವ ಹಾಗಿಲ್ಲ, ಒಲ್ಲೆ ಅನ್ನುವ ಹಾಗೂ ಇಲ್ಲ. ಹಾಗೆ ಮಾಡಿದರೆ 1,000 ಪೌಂಡ್‌ವರೆಗೆ ದಂಡ. ನಾಯಿ ಕೂದಲಿಗೆ ಅಲರ್ಜಿ ಅನ್ನುವವರು ಮೊದಲೇ ಕೌನ್ಸಿಲಿನಿಂದ ವಿನಾಯಿತಿ ಪತ್ರ ಮಾಡಿಸಿಕೊಂಡಿರಬೇಕು.

ಮಕ್ಕಳ ರಕ್ಷಣೆ ಬಗ್ಗೆ ಒಂದು ದಿನ ಕ್ಲಾಸ್ ಇತ್ತು. "ನಮ್ಮನ್ನೇ ಯಾಕೆ ಕಳ್ಳರ ಥರ ನೋಡ್ತಾರೆ" ಅಂತ ಹಿಂದಿನ ಬೆಂಚಿನಲ್ಲಿ ಗೊಣಗಾಟ. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ರಾದರ್‌ಹ್ಯಾಮ್ ಊರಿನ 2014ರ ವರದಿ ಬಗ್ಗೆ ಹೇಳಿದರು. 1997ರಿಂದ 2013ರವರೆಗೆ ಅಲ್ಲಿ ಸುಮಾರು 1,400 ಮಕ್ಕಳ ಮೇಲೆ ಲೈಂಗಿಕ ಶೋಷಣೆ ನಡೆದಿದೆ ಅಂತ ಅಂದಾಜು, ಅದರಲ್ಲಿ ಟ್ಯಾಕ್ಸಿಗಳ ಮಾತು ಮತ್ತೆ ಮತ್ತೆ ಬರುತ್ತದೆ. ಗೊಣಗಾಟ ನಿಂತಿತು.

ಐದು ತಿಂಗಳು ಹಿಡಿಯಿತು. 2023ರ ಸೆಪ್ಟೆಂಬರಿನಲ್ಲಿ ಬ್ಯಾಡ್ಜ್ ಕೈಗೆ ಬಂತು. ವುಲ್ವರ್‌ಹ್ಯಾಂಪ್ಟನ್ ಅನ್ನುವ ಊರಿನ ಕೌನ್ಸಿಲಿನಲ್ಲಿ ಬೇಗ ಆಗುತ್ತೆ, ಅಲ್ಲಿ ಹಾಕು ಅಂತ ಎಷ್ಟೋ ಜನ ಹೇಳಿದ್ದರು. ದೇಶದ ಮೂಲೆ ಮೂಲೆಯಲ್ಲೂ ಆ ಊರಿನ ಟ್ಯಾಕ್ಸಿ ಲೈಸೆನ್ಸ್ ಪ್ಲೇಟಿನ ಗಾಡಿ ಓಡುತ್ತವೆ, ಕಾನೂನಿನ ಪ್ರಕಾರ ತಪ್ಪೂ ಅಲ್ಲ. ಏನಾದರೂ ಎಡವಟ್ಟಾದರೆ ನಡೆದುಹೋಗಿ ಕೇಳುವಷ್ಟು ಹತ್ತಿರ ಆಫೀಸ್ ಇರಲಿ ಅಂತ ನಾನು ಇಲ್ಲೇ ಮಾಡಿಸಿದೆ.

ಎಡವಟ್ಟು ಆಗಿಯೇ ಆಯ್ತು. ಸೂಪರ್‌ಮಾರ್ಕೆಟ್ ಪಾರ್ಕಿಂಗಿನಲ್ಲಿ ಯಾರೋ ಹಿಂದಿನಿಂದ ಸಣ್ಣಗೆ ತಾಗಿಸಿ ಹೋದರು. ಬಂಪರ್ ಒಂದು ಕಡೆ ಒಳಗೆ ಹೋಗಿತ್ತು, ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಮೈಸೂರಿನಲ್ಲಾದರೆ ಅದನ್ನು ಡ್ಯಾಮೇಜ್ ಅಂತಲೇ ಅನ್ನಲ್ಲ. ಎಂಟನೇ ದಿನ ರೈಲ್ವೆ ಸ್ಟೇಷನ್ ಹತ್ತಿರ ಕೌನ್ಸಿಲಿನವರು ಟಾರ್ಚ್ ಹಿಡಿದು ಗಾಡಿ ಸುತ್ತ ಒಂದು ರೌಂಡ್ ಹಾಕಿದರು. ಟೈರ್ ನೋಡಿದರು, ಕತ್ತಿನಲ್ಲಿದ್ದ ಬ್ಯಾಡ್ಜ್ ನೋಡಿದರು, ಬಂಪರ್ ಹತ್ತಿರ ಬಗ್ಗಿದರು. "ಇದು ಯಾವಾಗ ಆಯ್ತು?" ನಿಜ ಹೇಳಿದೆ. ಗಾಡಿಯ ಅಂದ ಕೆಡುವಂಥ ಪೆಟ್ಟಾದರೂ 72 ಗಂಟೆಯೊಳಗೆ ಕೌನ್ಸಿಲಿಗೆ ತಿಳಿಸಬೇಕಂತೆ. ನಾನು ಸಹಿ ಹಾಕಿದ ಕಾಗದದಲ್ಲೇ ಇತ್ತು, ಓದಿರಲಿಲ್ಲ. ಪೆನಾಲ್ಟಿ ಪಾಯಿಂಟ್ ಬಿತ್ತು, ರಿಪೇರಿ ಮಾಡಿಸಿ ತೋರಿಸುವ ತನಕ ಗಾಡಿ ನಿಂತಿತು. ನಾಲ್ಕು ದಿನದ ದುಡಿಮೆ ಹೋಯ್ತು. ಇಷ್ಟಕ್ಕೆ ಗಾಡಿ ನಿಲ್ಲಿಸಿದ್ದು ಜಾಸ್ತಿಯಾಯ್ತು ಅಂತ ಈಗಲೂ ಅನ್ನಿಸುತ್ತದೆ.

ನಮ್ಮ ಡ್ರೈವರುಗಳಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇನ್ನೊಂದು. ನಮ್ಮದು ಪ್ರೈವೇಟ್ ಹೈರ್, ಬುಕಿಂಗ್ ಇಲ್ಲದೆ ಯಾರನ್ನೂ ಹತ್ತಿಸುವಂತಿಲ್ಲ. ರಸ್ತೆಯಲ್ಲಿ ಕೈ ಅಡ್ಡ ಹಿಡಿದವರನ್ನು ಹತ್ತಿಸುವುದು ಹ್ಯಾಕ್ನಿ ಅನ್ನುವ ಇನ್ನೊಂದು ಬಗೆಯ ಟ್ಯಾಕ್ಸಿಯವರ ಹಕ್ಕು. ಒಂದು ಶುಕ್ರವಾರ ರಾತ್ರಿ, ಜಿಟಿಜಿಟಿ ಮಳೆ, ಕಬಾಬ್ ಅಂಗಡಿ ಮುಂದೆ ನಿಂತಿದ್ದೆ. ಇಬ್ಬರು ಬಂದು ಕಿಟಕಿ ತಟ್ಟಿದರು. ಸ್ಟೇಷನ್ನಿಗೆ ಬಿಡು, ಇಪ್ಪತ್ತು ಪೌಂಡ್ ಕೊಡ್ತೀವಿ ಅಂದರು. ಐದು ನಿಮಿಷದ ದಾರಿ. ಮೈಸೂರಿನ ಕೈ ತಾನಾಗೇ ಡೋರ್ ಲಾಕ್ ಕಡೆ ಹೋಯ್ತು. ತಡೆದುಕೊಂಡು, "ಆಪರೇಟರಿಗೆ ಫೋನ್ ಮಾಡಿ ಬುಕ್ ಮಾಡಿ" ಅಂದೆ. ಬೈದುಕೊಂಡು ಹೋದರು. ಅವರು ನಿಜವಾದ ಗಿರಾಕಿಗಳೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ. ಅದೇ ತಿಂಗಳು ನಮ್ಮಲ್ಲೇ ಒಬ್ಬ ಹೀಗೇ ಹತ್ತಿಸಿಕೊಂಡ. ಇಳಿಯುವಾಗ ಗಿರಾಕಿ ಜೇಬಿನಿಂದ ತೆಗೆದಿದ್ದು ಕೌನ್ಸಿಲಿನ ಐಡಿ ಕಾರ್ಡು. ಬುಕಿಂಗ್ ಇಲ್ಲ ಅಂದರೆ ಆ ಟ್ರಿಪ್ಪಿಗೆ ಇನ್ಶೂರೆನ್ಸೂ ಇಲ್ಲ, ಹಾಗಾಗಿ ಎರಡು ಕೇಸು, ಕೊನೆಗೆ ಲೈಸೆನ್ಸ್ ರದ್ದು. 21 ದಿನದೊಳಗೆ ಕೋರ್ಟಿಗೆ ಅಪೀಲ್ ಹೋಗಬಹುದು. ಬೇರೆ ಊರಿಗೆ ಹೋಗಿ ಹೊಸದಾಗಿ ಹಾಕೋಣ ಅಂದರೆ, ರದ್ದಾದವರ ಹೆಸರು ಎಲ್ಲಾ ಕೌನ್ಸಿಲಿಗೂ ಕಾಣುವ ರಿಜಿಸ್ಟರಿನಲ್ಲಿ ಇರುತ್ತದೆ.

ಲೈಸೆನ್ಸ್ ಮೂರು ವರ್ಷಕ್ಕೆ. ರಿನ್ಯೂ ಮಾಡಿಸುವಾಗ ತೆರಿಗೆ ಲೆಕ್ಕ ಸರಿ ಇದೆ ಅಂತ ತೆರಿಗೆ ಇಲಾಖೆಯ ಕೋಡ್ ಕೊಡಬೇಕು, ಅದು ಆನ್‌ಲೈನಿನಲ್ಲೇ ಆಗುತ್ತದೆ. ದೇಶದ ಹೊರಗೆ ಒಂದೇ ಸಮ ಮೂರು ತಿಂಗಳು ಇದ್ದು ಬಂದಿದ್ದರೆ ಅಲ್ಲಿನ ಪೊಲೀಸ್ ಸರ್ಟಿಫಿಕೇಟ್ ಮತ್ತೆ ಬೇಕು. ತಂಗಿ ಮದುವೆಗೆ ಹೋದಾಗ ಮೂರು ತಿಂಗಳು ಇದ್ದು ಬರೋಣ ಅಂತ ಹೆಂಡತಿ ಆಸೆ. ಎರಡೂವರೆ ತಿಂಗಳಿಗೇ ಟಿಕೆಟ್ ಮಾಡಿಸಿದ್ದೇನೆ. ಅವ್ವನಿಗೆ ಕಾರಣ ಹೇಳಿದೆ. "ಒಳ್ಳೇದಾಯ್ತು ಬುಡು" ಅಂದಳು.