ಕೈಗೆ ಗೊತ್ತಿದ್ದದ್ದು ಬಾಯಿಗೂ ಬರಬೇಕಿತ್ತು: ಇಂಗ್ಲೆಂಡಿಗೆ ನರ್ಸ್ ಆಗಿ ಬಂದ ನನ್ನ ಅನುಭವ

ನಾರ್ಥಾಂಪ್ಟನ್‌ನ ನರ್ಸ್‌ಗಳ ಪ್ರಾಯೋಗಿಕ ಪರೀಕ್ಷೆಯ ಕೇಂದ್ರ. ಹತ್ತು ಸ್ಟೇಷನ್‌ಗಳಲ್ಲಿ, ಅಂದರೆ ಹಂತಗಳಲ್ಲಿ, ಮಾತ್ರೆ ಕೊಡುವ ಸ್ಟೇಷನ್. ಮಂಚದ ಮೇಲೆ ರೋಗಿಯ ಪಾತ್ರದಲ್ಲಿ ಒಬ್ಬರು ಹಿರಿಯರು, ಮೂಲೆಯಲ್ಲಿ ಪರೀಕ್ಷಕಿ. ಡ್ರಗ್ ಚಾರ್ಟ್ ತೆಗೆದು ಅಲರ್ಜಿ ಕಾಲಂ ಓದಿದೆ. ಕೈಪಟ್ಟಿಯ ಹೆಸರನ್ನು ಚಾರ್ಟ್‌ನ ಹೆಸರಿನೊಂದಿಗೆ ತಾಳೆ ನೋಡಿದೆ. ಮಾತ್ರೆಯ ಡೋಸ್, ಎಕ್ಸ್‌ಪೈರಿ ನೋಡಿ, ನೀರು ಕೊಟ್ಟು ನುಂಗಿಸಿ, ಸಹಿ ಹಾಕಿದೆ. ಏಳು ವರ್ಷ ಬೆಂಗಳೂರಿನ ಮೆಡಿಕಲ್ ವಾರ್ಡ್‌ನಲ್ಲಿ ಮಾಡಿದ ಕೆಲಸ. ಸಮಾಧಾನದಿಂದಲೇ ಹೊರಗೆ ಬಂದೆ.

ಕೆಲವು ದಿನ ಕಳೆದು ಫಲಿತಾಂಶದ ಇಮೇಲ್ ಬಂತು. ಒಂಬತ್ತು ಸ್ಟೇಷನ್ ಪಾಸ್, ಆ ಒಂದರಲ್ಲಿ ಫೇಲ್. ಅಲರ್ಜಿ ಇದೆಯೇ ಎಂದು ನಾನು ಆ ಹಿರಿಯರನ್ನು ಕೇಳಿರಲಿಲ್ಲ. ಹುಟ್ಟಿದ ತಾರೀಕನ್ನೂ ಅವರ ಬಾಯಿಂದ ಹೇಳಿಸಿರಲಿಲ್ಲ. ಎಲ್ಲವನ್ನೂ ಕಣ್ಣಲ್ಲೇ ಮುಗಿಸಿದ್ದೆ.

ಹೊರದೇಶಕ್ಕೆ ಹೊರಟ ನರ್ಸ್‌ಗಳು ನನ್ನ ಬಳಿ ಇಂಗ್ಲಿಷ್ ಎಷ್ಟು ಕಷ್ಟ, ದುಡ್ಡು ಎಷ್ಟು ಬೇಕು ಎಂದು ಕೇಳುತ್ತಾರೆ. ಅದನ್ನೂ ಹೇಳುತ್ತೇನೆ. ಆದರೆ ಈ ಸ್ಟೇಷನ್‌ನ ವಿಷಯವನ್ನು ಮೊದಲು ಹೇಳದೆ ಬಿಡುವುದಿಲ್ಲ.

ನಾನು ಹಾಸನದಲ್ಲಿ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದಿದವಳು. 2021ರಲ್ಲಿ ಇಂಗ್ಲೆಂಡಿಗೆ ಹೋಗುವುದೆಂದು ಗಟ್ಟಿ ಮಾಡಿಕೊಂಡಾಗ ಎದುರಾದ ಮೊದಲ ತೊಡಕು ನನ್ನ ಹೆಸರೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟಿನಲ್ಲಿ ಹೆಸರಿನ ಹಿಂದೆ ಒಂದೇ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯಾದ ಮೇಲೆ ಮಾಡಿಸಿದ ಆಧಾರ್‌ನಲ್ಲಿ ನಮ್ಮ ಮನೆಯವರ ಹೆಸರು. ನಮ್ಮ ಕಡೆ ಇದು ಮನೆಮನೆಯ ಕಥೆ, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಅಲ್ಲಿಯ ಎನ್‌ಎಂಸಿಗೆ, ಅಂದರೆ ನರ್ಸ್‌ಗಳನ್ನು ನೋಂದಾಯಿಸುವ ಸಂಸ್ಥೆಗೆ, ಇವರೆಲ್ಲ ನಾಲ್ಕು ಬೇರೆ ಬೇರೆ ಹೆಂಗಸರು. ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆ, ಆಧಾರ್ ತಿದ್ದಿಸಿದೆ, ಎಲ್ಲವನ್ನೂ ಪಾಸ್‌ಪೋರ್ಟಿಗೆ ಸರಿಹೊಂದಿಸಿದೆ. ಎರಡು ತಿಂಗಳು ಇದಕ್ಕೇ ಹೋಯಿತು. ನೀವು ಹೊರಡುವ ಯೋಚನೆಯಲ್ಲಿದ್ದರೆ ಕೋಚಿಂಗ್ ಸೇರುವ ಮೊದಲು ನಿಮ್ಮ ಕಾಗದಗಳನ್ನು ಮಂಚದ ಮೇಲೆ ಸಾಲಾಗಿ ಹರಡಿ, ಹೆಸರಿನ ಒಂದೊಂದು ಅಕ್ಷರವನ್ನೂ ಓದಿ ನೋಡಿ. ಕೌನ್ಸಿಲ್‌ನಿಂದ ವೆರಿಫಿಕೇಶನ್ ನೇರವಾಗಿ ಎನ್‌ಎಂಸಿಗೇ ಹೋಗಬೇಕು, ನಾವು ಕೈಯಲ್ಲಿ ಒಯ್ದು ಕೊಡುವಂಥದ್ದಲ್ಲ. ಅದರ ಹಿಂದೆ ಬೀಳಲು ಒಬ್ಬರಿಗೆ ರಜೆಯೂ ತಾಳ್ಮೆಯೂ ಇರಬೇಕು.

ಇಂಗ್ಲಿಷ್‌ಗೆ ನಾನು ಆಸ್ಪತ್ರೆ ಕೆಲಸದವರಿಗೆಂದೇ ಇರುವ ಒಇಟಿ ಪರೀಕ್ಷೆ ಬರೆದೆ. ಆಗ ಫೀಸು 587 ಆಸ್ಟ್ರೇಲಿಯನ್ ಡಾಲರ್, ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಕೇಳುವುದು, ಓದುವುದು, ಮಾತಾಡುವುದರಲ್ಲಿ ತಲಾ 350 ಅಂಕ ಬೇಕು. ಬರವಣಿಗೆಯಲ್ಲಿ 300 ಸಾಕು. ನನಗೆ ಕಷ್ಟವಾಗಿದ್ದು ಆ ಬರವಣಿಗೆಯೇ. ರೋಗಿಯ ಕೇಸ್ ನೋಟ್ಸ್ ಕೊಟ್ಟು, ಮುಂದೆ ನೋಡಿಕೊಳ್ಳುವವರಿಗೆ ಸುಮಾರು 200 ಪದದ ಪತ್ರ ಬರೆಯಿರಿ ಎನ್ನುತ್ತಾರೆ. ನಾವು ಕೇಸ್ ಶೀಟ್‌ನಲ್ಲಿ ಗಂಟೆಗಂಟೆಗೂ ಎಲ್ಲವನ್ನೂ ತುಂಬಿ ಅಭ್ಯಾಸವಾದವರು. ಇಲ್ಲಿ ಬೇಡದ್ದನ್ನು ಬಿಡಲು ಬರಬೇಕು. ಮನೆಗೆ ಹೋಗುವ ಅಜ್ಜಿಯ ಗಾಯಕ್ಕೆ ಡ್ರೆಸಿಂಗ್ ಮಾಡಲು ಬರುವ ನರ್ಸ್‌ಗೆ ಆಕೆಯ ಹಳೇ ಅಪೆಂಡಿಕ್ಸ್ ಆಪರೇಷನ್ ಕಟ್ಟಿಕೊಂಡು ಏನಾಗಬೇಕು? ಸಕ್ಕರೆ ಕಾಯಿಲೆ ಇದೆ ಎಂಬುದು ಮಾತ್ರ ಬೇಕೇ ಬೇಕು. ಇದು ಹೊಳೆದ ಮೇಲೆ ಎರಡನೇ ಸಲಕ್ಕೆ ಪಾಸಾದೆ.

ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆ ನಿಯತ್ತಾಗಿ ಓದಿದವರಿಗೆ ಆಗುತ್ತದೆ. ಲೆಕ್ಕದ 15 ಪ್ರಶ್ನೆ, ನರ್ಸಿಂಗ್‌ನ 100. ನಾನು ಕಟ್ಟಿದಾಗ ಅದಕ್ಕೆ 83 ಪೌಂಡ್, ಎನ್‌ಎಂಸಿ ಅರ್ಜಿಗೆ 140, ಕೊನೆಯಲ್ಲಿ ನೋಂದಣಿಗೆ 153. ಟಿಕೆಟ್, ವೀಸಾ ನೋಡಿಕೊಂಡಿದ್ದು ಕೆಲಸ ಕೊಟ್ಟ ಆಸ್ಪತ್ರೆ. ಒಂದು ಮಾತು ನೆನಪಿಡಿ: ಬ್ರಿಟನ್‌ನ ನೇಮಕಾತಿ ನಿಯಮಗಳ ಪ್ರಕಾರ ಏಜೆನ್ಸಿಗಳು ಕೆಲಸ ಕೊಡಿಸಲು ನರ್ಸ್‌ನಿಂದ ಹಣ ಪಡೆಯುವಂತಿಲ್ಲ. ನನ್ನ ಬಳಿ ಮೂರು ಲಕ್ಷ ಕೇಳಿದ ಏಜೆಂಟ್ ಒಬ್ಬನಿದ್ದ. ನಮ್ಮ ಮನೆಯವರು ಒಡವೆ ಅಡವಿಡಲೂ ತಯಾರಾಗಿದ್ದರು. ಸಾಲ ಮಾಡಿ ಹೀಗೆ ಕೊಟ್ಟವರನ್ನು ಆಮೇಲೆ ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ.

2022ರ ಚಳಿಗಾಲದಲ್ಲಿ ಬಂದಿಳಿದೆ. ಮಗಳನ್ನು ಅಮ್ಮನ ಮಡಿಲಿಗೆ ಹಾಕಿ ಬಂದಿದ್ದೆ. ಆ ಕಥೆ ಇಲ್ಲಿ ಬೇಡ, ಬರೆಯಲಾಗುವುದಿಲ್ಲ.

ಇಲ್ಲಿ ಬಂದ ಮೇಲೆ ಓಸ್ಕಿ. ಹತ್ತು ಸ್ಟೇಷನ್‌ಗಳ ಪ್ರಾಯೋಗಿಕ ಪರೀಕ್ಷೆ: ಒಬ್ಬನೇ ರೋಗಿಯನ್ನು ಪರಿಶೀಲಿಸುವುದರಿಂದ ಹಿಡಿದು ಇನ್ನೊಬ್ಬರಿಗೆ ಒಪ್ಪಿಸುವವರೆಗೆ ನಾಲ್ಕು, ಕೈಕೆಲಸದ ನಾಲ್ಕು, ಕೂತು ಬರೆಯುವ ಎರಡು. ಆಗ ಫೀಸು 794 ಪೌಂಡ್. ಮೊದಲ ಸಲ ಆಸ್ಪತ್ರೆಯೇ ಕಟ್ಟಿತು. ಫೇಲಾದ ಸ್ಟೇಷನ್‌ಗೆ 397 ಪೌಂಡ್ ನನ್ನ ಕೈಯಿಂದ. ಆಗಿನ ಲೆಕ್ಕದಲ್ಲಿ ಸುಮಾರು 38 ಸಾವಿರ ರೂಪಾಯಿ.

ಫಲಿತಾಂಶ ಬಂದ ಆ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ದಿಂಬನ್ನು ಗೋಡೆಗೆ ಒರಗಿಸಿ ಅದನ್ನೇ ರೋಗಿ ಮಾಡಿಕೊಂಡು ಕೂತೆ. ಇಂಗ್ಲಿಷ್ ತಡವರಿಸಿತು. ಹಾಳಾಗಿ ಹೋಗಲಿ ಎಂದು ಕನ್ನಡದಲ್ಲೇ ಶುರು ಮಾಡಿದೆ. "ಅಜ್ಜಿ, ನಿಮ್ಮ ಪೂರ್ತಿ ಹೆಸರು ಹೇಳ್ತೀರಾ? ಹುಟ್ಟಿದ ತಾರೀಕು? ಯಾವುದಾದ್ರೂ ಮಾತ್ರೆ ನಿಮಗೆ ಆಗಿಬರಲ್ವಾ? ತಗೊಂಡ್ರೆ ಏನಾಗುತ್ತೆ? ಇದು ಬಿಪಿ ಮಾತ್ರೆ, ಈಗ ಕೊಡಲಾ?" ಹೇಳುತ್ತಾ ಹೇಳುತ್ತಾ ಗಂಟಲು ಕಟ್ಟಿತು. ಈ ಮಾತುಗಳನ್ನು ನಾನು ಕನ್ನಡದಲ್ಲೂ ಯಾವ ಅಜ್ಜಿಗೂ ಆಡಿರಲಿಲ್ಲ. "ಅಜ್ಜಿ, ಬಾಯಿ ತೆಗೀರಿ" ಅಂದಿದ್ದೆ. "ಆ ಕಡೆ ತಿರುಗಿ" ಅಂದಿದ್ದೆ. ಪ್ರೀತಿಯಿಂದಲೇ ಅಂದಿದ್ದೆ, ಆದರೆ ಕೇಳಿರಲಿಲ್ಲ. ಏನಿದ್ದರೂ ಪಕ್ಕದಲ್ಲಿ ನಿಂತ ಅಟೆಂಡರ್‌ಗೆ, ಅಂದರೆ ರೋಗಿಯ ಕಡೆಯವರಿಗೆ, ಹೇಳುತ್ತಿದ್ದೆ. ನೈಟ್ ಡ್ಯೂಟಿಯಲ್ಲಿ ಒಬ್ಬಳೇ ಹದಿನೈದು ಜನರನ್ನು ನೋಡುವಾಗ ಮಾತಿಗೆ ಪುರುಸೊತ್ತು ಇರುತ್ತಿರಲಿಲ್ಲ, ನಿಜ. ಆದರೂ ನನ್ನನ್ನು ಫೇಲ್ ಮಾಡಿದ್ದು ಇಂಗ್ಲಿಷ್ ಅಲ್ಲ ಎಂಬುದು ಆ ರಾತ್ರಿ ಗೊತ್ತಾಯಿತು. ಒಂದು ವಾರ ದಿಂಬಿನ ಜೊತೆ ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ಪಾಸಾಯಿತು, ಪಿನ್ ಎಂಬ ನೋಂದಣಿ ಸಂಖ್ಯೆ ಬಂತು, ನೋಂದಾಯಿತ ನರ್ಸ್‌ನ ಮೊದಲ ದರ್ಜೆಯಾದ ಬ್ಯಾಂಡ್ 5 ಆಯಿತು.

ವಾರ್ಡ್‌ಗೆ ಇಳಿದ ಮೇಲೆ ಅದೇ ಪಾಠ ಇನ್ನೊಂದು ರೂಪದಲ್ಲಿ ಬಂತು. ಒಂದು ಬೆಳಗಿನ ಜಾವ ನಾಲ್ಕು ಗಂಟೆ. ನನ್ನ ರೋಗಿಯ ಉಸಿರಾಟ ಪೂರ್ತಿ ನಿಮಿಷ ಎಣಿಸಿದೆ: 22. ರಕ್ತದ ಆಮ್ಲಜನಕ, ಅಂದರೆ ಸ್ಯಾಚುರೇಶನ್, 94, ನಾಡಿ 104, ಮೇಲಿನ ಬಿಪಿ 108, ಜ್ವರ 38. ಬಿಡಿಬಿಡಿಯಾಗಿ ಯಾವುದೂ ಗಾಬರಿ ಹುಟ್ಟಿಸುವಂಥದ್ದಲ್ಲ. ಇಲ್ಲಿ ಒಂದೊಂದು ಅಳತೆಗೂ ಅಂಕ ಕೊಡುವ ನ್ಯೂಸ್ 2 ಚಾರ್ಟ್‌ನಲ್ಲಿ ಕೂಡಿದರೆ 5, ಅಂದರೆ ಡಾಕ್ಟರ್ ತುರ್ತಾಗಿ ಬಂದು ನೋಡಬೇಕು. ಡಾಕ್ಟರನ್ನು ಕರೆಯಲೋ ಬೇಡವೋ ಎಂದು ಫೋನ್ ಮುಂದೆ ನಿಂತೆ. ಊರಲ್ಲಿ ಆ ಹೊತ್ತಿಗೆ ಡಾಕ್ಟರ್ ನಿದ್ದೆ ಕೆಡಿಸಿದರೆ ಬೈಸಿಕೊಳ್ಳಬೇಕಿತ್ತು. ಕರೆದೆ. ನಾನು ಯಾರು, ರೋಗಿಗೆ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನೀವು ಏನು ಮಾಡಬೇಕು, ಕಲಿಸಿದ ಕ್ರಮದಲ್ಲೇ ಹೇಳಿದೆ. "ಸೆಪ್ಸಿಸ್ ಇರಬಹುದು ಅಂತ ನನ್ನ ಅನುಮಾನ" ಎಂದು ಡಾಕ್ಟರ್‌ಗೆ ಹೇಳಿದ್ದು ಜೀವನದಲ್ಲೇ ಮೊದಲು. ಸೆಪ್ಸಿಸ್ ಅಂದರೆ ಸೋಂಕಿಗೆ ದೇಹ ಅತಿಯಾಗಿ ತಿರುಗಿಬಿದ್ದು ಜೀವಕ್ಕೇ ಅಪಾಯವಾಗುವ ಸ್ಥಿತಿ. ಹತ್ತು ನಿಮಿಷದಲ್ಲಿ ಬಂದರು. ರಕ್ತ ಕಳಿಸಿದರು, ಆಂಟಿಬಯಾಟಿಕ್ ಶುರುವಾಯಿತು. ಎದೆಯಲ್ಲಿ ಸೋಂಕಿತ್ತು. ಎಂಟು ದಿನಕ್ಕೆ ಆಕೆ ಮನೆಗೆ ಹೋದರು.

ಈಗ ಇಲ್ಲಿ ನಾನು ಬಂದಾಗಿನಷ್ಟು ಹುದ್ದೆಗಳಿಲ್ಲ. ಹೊರಗಿನವರನ್ನು ತೆಗೆದುಕೊಳ್ಳುವುದು ತುಂಬಾ ಇಳಿದಿದೆ. ಕೈಯಲ್ಲಿ ಆಫರ್ ಇಲ್ಲದೆ ಊರಿನ ಕೆಲಸ ಬಿಡಬೇಡಿ. ಆಫರ್ ಬಂದರೂ ಕರಾರು ಪೂರ್ತಿ ಓದಿ: ನಡುವೆ ಬಿಟ್ಟರೆ ಎಷ್ಟು ಹಣ ಹಿಂತಿರುಗಿಸಬೇಕು, ಎಷ್ಟು ವರ್ಷದವರೆಗೆ ಎಂಬುದು ಅಲ್ಲೇ ಇರುತ್ತದೆ.

ಭಾನುವಾರ ಒಂದು ಗಂಟೆ ವಿಡಿಯೋ ಕಾಲ್‌ನಲ್ಲಿ ಕೂರುತ್ತೇನೆ. ಓಸ್ಕಿಗೆ ತಯಾರಾಗುತ್ತಿರುವ ಇಬ್ಬರು ಮೂವರು ಹುಡುಗಿಯರು ಇರುತ್ತಾರೆ. ಮೊನ್ನೆ ಶಿವಮೊಗ್ಗದ ಕಡೆಯವಳೊಬ್ಬಳು ದಿಂಬಿನ ಮುಂದೆ ನಿಂತು, "ಅಕ್ಕಾ, ಮೊದಲು ಕನ್ನಡದಲ್ಲೇ ಹೇಳ್ಲಾ?" ಅಂದಳು. "ಹೂಂ, ಕನ್ನಡದಲ್ಲೇ ಹೇಳು, ನಾನು ಕೇಳಿಸ್ಕೋತೀನಿ" ಅಂದೆ.